ಟ್ರಂಕಿನಲ್ಲಿದ್ದ ಜೋಡಿ

ಹಳೆಯ ಚಿತ್ರ ಕೊಳ್ಳುವ ಮೊದಲು ಮೂಸಿ ನೋಡಿ, ಚಹಾದ ವಾಸನೆ ಬಂದರೆ ಅದು ಚಹಾದಲ್ಲಿ ಅದ್ದಿ ಹಳತು ಮಾಡಿದ ನಕಲಿ ಎಂದು ಬೈಕುಲ್ಲಾದ ನನ್ನ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಕರ್ಪೂರದ ವಾಸನೆ ಬಂದರೆ ಮಾತ್ರ ನನಗೆ ಚೌಕಾಶಿಯೇ ಮರೆತುಹೋಗುತ್ತದೆ.

ನನ್ನ ಚಿಕ್ಕಂದಿನಲ್ಲಿ, ಕುರ್ಲಾದ ಚಾಳಿನ ನಮ್ಮ ಒಂದೇ ಖೋಲಿಗೆ, ಹಳೆಯ ಚಿತ್ರಗಳ ವ್ಯಾಪಾರ ಮಾಡುತ್ತಿದ್ದ ಅಪ್ಪ ಅಂಗೈಯಗಲದ ದರ್ಬಾರಿ ಚಿತ್ರವೊಂದನ್ನು ತಂದಿದ್ದರು. ಮಹಡಿಯ ಮೇಲೆ ತಬ್ಬಿ ಕುಳಿತ ರಾಜ ಮತ್ತು ಪ್ರೇಯಸಿ. ಕೆಳಗೆ ಒಂಟಿಕಾಲಲ್ಲಿ, ತಲೆಕೆಳಗಾಗಿ ನಿಂತ ಯೋಗಿಗಳು. ಅದನ್ನು ಮಾರಿದರೆ ನಮಗೆ ಎರಡು ಖೋಲಿಯ ಮನೆ. ಅವ್ವ ಆಗಲೇ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿದ್ದಳು. ಚಿತ್ರ ಕೊಳ್ಳಲು ಮೂರಕ್ಕೆ ಬರಬೇಕಿದ್ದ ಪವಾಯಿಯ ಸಾಹೇಬರು ನಾಲ್ಕಾದರೂ ಬರಲಿಲ್ಲ. ಅಪ್ಪ ಮೆಟ್ಟಿಲು ಹತ್ತಿ ಇಳಿದು ಮಾಡಿದರು; ಹಿಂದೆ ನಾನೂ.

ಒಳಗೆ ಬಂದು ನೋಡಿದರೆ ಟ್ರಂಕಿನಲ್ಲಿಟ್ಟಿದ್ದ ಚಿತ್ರ ದೇವರ ಗೂಡಿನಲ್ಲಿತ್ತು. ವಿಜಯಪುರದಿಂದ ಬಂದಿದ್ದ, ಕಣ್ಣು ಮಂಜಾದ ಅಜ್ಜಿ ಚಿತ್ರದಲ್ಲಿದ್ದ ಇಬ್ಬರ ಹಣೆಗೂ ಒದ್ದೆ ಕುಂಕುಮ ಒತ್ತಿ, ಕರ್ಪೂರ ಹಚ್ಚಿದ್ದಳು.

"ಶಿವಪಾರ್ವತೀನ್ನ ಟ್ರಂಕಿನಾಗ ಇಟ್ಟೀಯಲ್ಲೋ ಖೋಡಿ! ಋಷಿಗಳು ಪಾಪ ಒಂಟಿಕಾಲಿನ್ಯಾಗ ನಿಂತು ಕಾಯಾಕತ್ತಾರ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಮೈಸೂರು ಕಡೆಯವರು. ಬಗ್ಗಿ ನೋಡಿ, "ಒರೆಸಿದ್ರೆ ಹೋಗುತ್ತೆ, ಕೊಡಿ" ಎಂದು ಕೈಚಾಚಿದರು.

ಅಜ್ಜಿ ಕೈಮುಗಿದೇ ಕುಳಿತಿದ್ದಳು. ಬಂದ ಗಿರಾಕಿಯನ್ನು ಎಂದೂ ಬರಿಗೈಯಲ್ಲಿ ಕಳಿಸದ ಅಪ್ಪ ಆ ಕೈಗಳನ್ನೇ ನೋಡಿದರು.

"ಮಾರೂದಲ್ಲರೀ ಇದು. ನಮ್ಮವ್ವನ ಪೂಜಾಕ್ಕ ತಂದೀನಿ."

ಸಾಹೇಬರ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಇಳಿಯಿತು. ಅವ್ವ ಗಂಟು ಬಿಚ್ಚಿ ಪಾತ್ರೆಗಳನ್ನು ಒಂದೊಂದಾಗಿ ಹಲಗೆಗೆ ಏರಿಸಿದಳು. ಕೊನೆಗೆ ಸಣ್ಣ ತಟ್ಟೆಯೊಂದು ಅವಳ ಕೈಯಲ್ಲಿ ಉಳಿಯಿತು.

"ಆರತಿಗೆ ಇದು ಇರಲಿ, ಅತ್ತಿ."