ಗಾಳಿ ನಿಂತ ಬೆಳಿಗ್ಗೆ

ಆ ಬೆಳಿಗ್ಗೆ ಕೆರಿಬಿಯನ್ ಕಡಲಿನ ಮೇಲೆ ಎಲ್ಲಿಯೂ ಗಾಳಿಯಿರಲಿಲ್ಲ. ಬಾಡಿಗೆಯ ಹಾಯಿದೋಣಿ ನಿಂತಲ್ಲೇ ನಿಂತಿತ್ತು. ಮಗಳೊಡನೆ ದ್ವೀಪಗಳನ್ನು ಸುತ್ತಲು ಕೋರ್ಟು ಅವನಿಗೆ ಕೊಟ್ಟಿದ್ದ ವಾರ ಅಂದಿಗೆ ಮುಗಿಯುತ್ತಿತ್ತು. ಸಂಜೆಯೊಳಗೆ ಬಂದರಿನಲ್ಲಿ ಅವಳನ್ನು ತಾಯಿಗೆ ಒಪ್ಪಿಸಬೇಕಿತ್ತು.

"ಎಂಜಿನ್ ಹಾಕಲೇ?" ಎಂದು ನಾವಿಕ ಕೇಳಿದ.

"ಬೇಡ. ದೇವರೇ ತಡೆದು ನಿಲ್ಲಿಸಿದಾನೆ. ಇನ್ನೊಂದು ದಿನ ಇದ್ದುಬಿಡೋಣ," ಎಂದ ಅಪ್ಪ.

ದೋಣಿಯ ತುದಿಯಲ್ಲಿ ಮಗಳು ಕಣ್ಣು ಮುಚ್ಚಿ, ಕೈ ಮುಗಿದು ಕೂತಿದ್ದಳು. ಅವನ ಎದೆ ತುಂಬಿ ಬಂತು.

"ಹನುಮಪ್ಪನ ಹತ್ರ ಏನು ಬೇಡ್ಕೊಂಡೆ ಪುಟ್ಟಿ? ನಂಗೂ ಹೇಳೇ."

"ಗುಟ್ಟು. ಬೈಯಲ್ವಾ ಅಪ್ಪ?"

"ಇಲ್ವೇ ನನ್ನವ್ವ."

"ಬೇಗ ಗಾಳಿ ಬರ್ಲಿ ಅಂತ. ಅಮ್ಮ ಕಾಯ್ತಿರ್ತಾಳೆ."

ಅವನು ತಾನೇ ಎದ್ದುಹೋಗಿ ಎಂಜಿನ್ ಹಾಕಿಸಿದ. ಹೊತ್ತು ಇಳಿಯುವ ಮೊದಲೇ ಬಂದರಿನಲ್ಲಿ ಮಗಳ ಕೈಯನ್ನು ಅವಳ ತಾಯಿಯ ಕೈಯಲ್ಲಿಟ್ಟು, ಹಿಂದೆ ಸರಿದ.