ಉಳಿದ ಒಂದು ಮಾತು

ಪಾರ್ಶ್ವವಾಯು ಬಡಿದ ಹನ್ನೆರಡನೆಯ ದಿನ, ಇಂದುಮತಿ ಗಂಜಿಯ ಚಮಚವನ್ನು ತುಟಿಗೆ ಹಿಡಿದಾಗ, ಗಂಡ ಹಯವದನರಾಯರ ಬಾಯಿಂದ ಮೊದಲ ಮಾತು ಹೊರಬಿತ್ತು. "ಮುಂಡೆ," ಎಂದರು.

ಬರೋಡಾದ ಆ ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಡಾಕ್ಟರ್ ಪಾರೇಖ್ ಸಂಭ್ರಮದಿಂದ ಮಂಚದ ಬಳಿ ಬಂದರು. ಮಾತು ಕಟ್ಟುವ ಎಡಮಿದುಳು ಪೆಟ್ಟು ತಿಂದರೂ ನಾಲಿಗೆಗೆ ರೂಢಿಯಾದದ್ದು ಉಳಿಯಬಹುದು, ಮಂತ್ರವೋ, ಎಣಿಕೆಯೋ, ದಿನವೂ ಕರೆದ ಹೆಸರೋ ಎಂದು ಅವರು ಹಿಂದಿಯಲ್ಲಿ ಮೊದಲೇ ವಿವರಿಸಿದ್ದರು. ಬೈಗುಳದ ವಿಷಯ ಮಾತ್ರ ಹೇಳಿರಲಿಲ್ಲ.

"ಏನಂದರು, ಬೆನ್?" ಹೆಂಗಸರನ್ನು ಅಕ್ಕ ಎಂದು ಕರೆಯುವ ಗುಜರಾತಿ ರೂಢಿಯಲ್ಲಿ ಡಾಕ್ಟರು ಕೇಳಿದರು.

ಇಪ್ಪತ್ತೆರಡು ವರ್ಷ ರಾಯರು ಅವಳನ್ನು ಬೇರೆ ಏನೆಂದೂ ಕರೆದವರಲ್ಲ. ಅವರ ಗಲ್ಲಕ್ಕಿಳಿದ ಗಂಜಿಯನ್ನು ಇಂದುಮತಿ ಸೆರಗಿನಿಂದ ಒರೆಸಿದಳು. "ನನ್ನ ಹೆಸರು," ಎಂದಳು.

"ನೋಡಿ, ಎಲ್ಲ ಮರೆತರೂ ಹೆಂಡತಿಯನ್ನು ಮರೆತಿಲ್ಲ." ಡಾಕ್ಟರು ದಾದಿಯ ಕಡೆ ತಿರುಗಿದರು. "ಇನ್ನು ಮೇಲೆ ಇವರನ್ನು ಆ ಹೆಸರಿನಿಂದಲೇ ಕರೆಯಿರಿ. ಅವರ ಕಿವಿಗೆ ಬೀಳುತ್ತಿರಲಿ."

ದಾದಿ ಅಕ್ಕರೆಯಿಂದ ಅವಳ ಹೆಗಲ ಮೇಲೆ ಕೈಯಿಟ್ಟಳು. "ಮುಂಡೆಬೆನ್, ಗಂಜಿ ಆರಿಹೋಗ್ತಿದೆ, ಕುಡಿಸಿ."

"ಹ್ಞಾಂ," ಎಂದು ಓಗೊಟ್ಟು ಇಂದುಮತಿ ಚಮಚ ಎತ್ತಿದಳು.