ಎಡಗೋಡೆಯೋ ಬಲಗೋಡೆಯೋ

"ಎಲ್ಲಿ ನೋವು?" ಎಂದು ಹಲ್ಲಿನ ಡಾಕ್ಟರಮ್ಮ ಕೇಳಿದಳು. ಗೋಂದಪ್ಪ ಒರಗುಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಕಣ್ಣು ಮಾತ್ರ ಎಡಗೋಡೆಯಿಂದ ಬಲಗೋಡೆಗೆ, ಬಲಗೋಡೆಯಿಂದ ಎಡಗೋಡೆಗೆ ಓಡಾಡುತ್ತಿತ್ತು. "ಇಂಥ ಕಡೇನೇ ಅಂತ ಹೇಳೋಕಾಗಲ್ಲ ತಾಯಿ," ಎಂದ. ಪಕ್ಕದ ಸ್ಟೂಲಿನ ಮೇಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಬೆಳಿಗ್ಗೆಯಿಂದ ಹಲ್ಲುನೋವು ಅಂತ ಗೋಳು. ಮನೆ ಪಕ್ಕದಲ್ಲೇ ಡಾಕ್ಟ್ರಿದಾರೆ, ಆದ್ರೆ ಇಲ್ಲಿಗೇ ಬರ್ಬೇಕು ಅಂತ ಹಟ!"

ನೋವೆಂಬುದು ಶುದ್ಧ ಸುಳ್ಳು. ಈ ಕೋಣೆ ಹಿಂದೆ ಮಾಡೆಲ್ ಸಾಮಾನಿನ ಅಂಗಡಿಯಾಗಿತ್ತು. ಹಡಗು, ವಿಮಾನ, ರೈಲುಗಳ ಬಿಡಿಭಾಗ ತುಂಬಿದ ಪೆಟ್ಟಿಗೆಗಳು ಸೂರು ಮುಟ್ಟುತ್ತಿದ್ದವು. ಹೆಬ್ಬೆರಳು ಗಾತ್ರದ ಬಣ್ಣದ ಡಬ್ಬಿಗಳು, ಮೂಗಿಗೆ ಹತ್ತಿದರೆ ಮನೆವರೆಗೂ ಬರುವ ಗೋಂದಿನ ವಾಸನೆ. ಗೋಂದಪ್ಪನ ಬಾಲ್ಯ, ಯೌವನ, ಮದುವೆಯಾದ ಮೇಲಿನ ರಜಾದಿನಗಳು ಎಲ್ಲ ಇಲ್ಲೇ ಕರಗಿದ್ದವು. ಹಗಲೆಲ್ಲ ಬಸ್ಸಿನ ಸ್ಟಿಯರಿಂಗ್ ತಿರುಗಿಸಿದ ಕೈ ಸಂಜೆ ಮನೆಯಲ್ಲಿ ಚಿಮುಟ ಹಿಡಿದು ಹಡಗಿಗೆ ಹಗ್ಗ ಬಿಗಿಯುತ್ತಿತ್ತು. ಬೆರಳಿಗೆ ಸದಾ ಗೋಂದು ಮೆತ್ತಿರುತ್ತಿತ್ತೆಂದು ಹೆಂಡತಿಯೇ ಇಟ್ಟ ಹೆಸರು ಗೋಂದಪ್ಪ. ಊರೂ ಹಾಗೇ ಕರೆಯಿತು.

ಎಲ್ಲರೂ ಮಾವ ಎಂದೇ ಕರೆಯುತ್ತಿದ್ದ ಅಂಗಡಿ ಯಜಮಾನ ತೀರಿಕೊಂಡ ಮೇಲೆ ಬಾಗಿಲು ಮುಚ್ಚಿತು. ಈಗ ನಿವೃತ್ತಿಯಾದ ಗೋಂದಪ್ಪ ಮನೆಯಲ್ಲಿ ಆ ಅಂಗಡಿಯನ್ನೇ ಕಟ್ಟುತ್ತಿದ್ದ, ಎರಡು ಗೇಣು ಉದ್ದ, ಒಂದು ಗೇಣು ಅಗಲ. ಕಪಾಟು, ಗಲ್ಲಾಪೆಟ್ಟಿಗೆ, ಸಾಸಿವೆಯಷ್ಟು ಬಣ್ಣದ ಡಬ್ಬಿಗಳು, ಮಾವನ ಜೋತುಬಿದ್ದ ಕನ್ನಡಕ, ಎಲ್ಲ ಆಗಿತ್ತು. ಆಗದೆ ಉಳಿದದ್ದು ಕಿಟಕಿ. ಅಸಲು ಅಂಗಡಿಯಲ್ಲಿ ಮುಂದಿನ ಗಾಜಿಗೆ ಪೆಟ್ಟಿಗೆಗಳ ಅಡ್ಡ, ಹಿಂದೆ ಕಪಾಟು. ಆದರೂ ಕೌಂಟರಿನ ಮೇಲೆ ಜೇನಿನ ಬಣ್ಣದ ಬೆಳಕು ಬೀಳುತ್ತಿತ್ತು. ಮಾವ ಮೆಲ್ಲಗೆ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಒಳಗಿನ ಚೂರುಗಳೆಲ್ಲ ಆ ಬೆಳಕಿನಲ್ಲಿ ತೇಲುತ್ತಿರುವಂತೆ ಕಾಣುತ್ತಿದ್ದವು.

ಕಿಟಕಿ ಎಡಕ್ಕಿತ್ತೋ ಬಲಕ್ಕಿತ್ತೋ? ತಿಂಗಳುಗಟ್ಟಲೆ ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅಂದಾಜಿಗೆ ಕತ್ತರಿಸುವ ಜಾಯಮಾನ ಅವನದಲ್ಲ. ಅಸಲು ಹಡಗಿಗಿಂತ ಒಂದು ದೀಪ ಹೆಚ್ಚಾಗಿದೆ ಎಂದು ಗೊತ್ತಾಗಿ, ಕಟ್ಟಿ ಮುಗಿಸಿದ್ದನ್ನೇ ಬಿಚ್ಚಿಕೊಂಡು ಕೂತ ಪುಣ್ಯಾತ್ಮ ಅವನು. ಕಿಟಕಿಯಿಲ್ಲದ ಆ ಪುಟ್ಟ ಅಂಗಡಿಯೊಳಗೆ ಬಗ್ಗಿ ನೋಡಿದಾಗೆಲ್ಲ ಬರೀ ಕತ್ತಲೆ. ತಾನು ಅಷ್ಟು ಸುಖವಾಗಿದ್ದ ಜಾಗ ನಿಜವಾಗಿ ಇತ್ತೇ ಎಂದು ಅವನಿಗೆ ಭಯವಾಗುತ್ತಿತ್ತು.

ಡಾಕ್ಟರಮ್ಮ ಉಕ್ಕಿನ ಕಡ್ಡಿಯಿಂದ ಒಂದೊಂದೇ ಹಲ್ಲು ತಟ್ಟಿದಳು. ಟಕ್, ಟಕ್.

"ತಟ್ಟಿದ್ರೆ ಏನು ಗೊತ್ತಾಗುತ್ತೆ?" ಎಂದ ಗೋಂದಪ್ಪ.

"ನೋವಿದ್ರೆ ನೀವು ಹೇಳ್ತೀರಿ, ಪೊಳ್ಳಿದ್ರೆ ಹಲ್ಲೇ ಹೇಳುತ್ತೆ."

ಗೋಂದಪ್ಪ ಧಡಕ್ಕನೆ ಎದ್ದ. ಕೊರಳಿನ ಬಟ್ಟೆ ಹಾಗೇ ಇತ್ತು. ತಟ್ಟೆಯಿಂದ ಇನ್ನೊಂದು ಕಡ್ಡಿ ಎತ್ತಿಕೊಂಡು ನೇರ ಎಡಗೋಡೆಗೆ ಹೋಗಿ ಕಿವಿಯಿಟ್ಟು ತಟ್ಟತೊಡಗಿದ. ಟಕ್, ಟಕ್. ಆಮೇಲೆ ಬಲಗೋಡೆ.

"ರೀ! ಬಾಯಿ ತೋರಿಸೋಕೆ ಬಂದೋರು ಗೋಡೆ ನೋಡ್ತಿದೀರಲ್ಲ! ಮಾನ ಮರ್ಯಾದೆ ಇದೆಯಾ?" ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅವನು ಎಲ್ಲವನ್ನೂ ಹೇಳಿಬಿಟ್ಟ. ಮುಚ್ಚಿದ ಕಿಟಕಿಯ ಪೊಳ್ಳು ಎಲ್ಲಾದರೂ ಸಿಕ್ಕೀತು ಎಂದು ತಟ್ಟಿದೆ, ಅಷ್ಟೇ ಎಂದ. ಡಾಕ್ಟರಮ್ಮ ನಗಲಿಲ್ಲ. "ಈ ಕೋಣೆಗೆ ಕಿಟಕಿ ಇರ್ಲೇ ಇಲ್ಲ ಅಂಕಲ್. ಗಾರೆ ಕೆತ್ತಿಸಿದಾಗ ನಾನೇ ನಿಂತು ನೋಡಿದೀನಿ, ಎರಡೂ ಕಡೆ ಅಖಂಡ ಕಲ್ಲು. ಆಚೆ ಪಕ್ಕದವರ ಗೋಡೆ ಒತ್ತಿಕೊಂಡೇ ಇದೆ. ಬಲ್ಬಿನ ಬೆಳಕು ಇದ್ದಿರಬೇಕು."

"ಬಲ್ಬಿತ್ತು, ಮಂಕು ಬಲ್ಬು. ಆ ಬೆಳಕಲ್ಲ ಅದು," ಎಂದ ಗೋಂದಪ್ಪ.

ಅವಳು ಮೆಲ್ಲಗೆ ಭುಜ ಹಿಡಿದು ಕೂರಿಸಿ, ಬಿಟ್ಟ ಕೆಲಸ ಮುಂದುವರಿಸಿದಳು. ಹುಡುಕಿ ಬಂದ ಪೊಳ್ಳು ಗೋಡೆಯಲ್ಲಿ ಸಿಗಲಿಲ್ಲ, ದವಡೆಯಲ್ಲಿ ಸಿಕ್ಕಿತು. ಒಳಗೊಳಗೇ ಹುಳುಕಾಗಿದ್ದ ಹಲ್ಲನ್ನು ಅವತ್ತೇ ಕೀಳಬೇಕಾಯಿತು.

ಮನೆಗೆ ಬಂದವನೇ ಮಾಡೆಲಿನ ಮುಂದೆ ಕೂತ. ಅರ್ಧ ಕೆನ್ನೆ ಇನ್ನೂ ಮರಗಟ್ಟಿತ್ತು. ಬಹಳ ಹೊತ್ತು ಅವನು ಒಳಗಿನ ಕತ್ತಲೆಯನ್ನೇ ನೋಡುತ್ತಿದ್ದ. ಹೆಂಡತಿಗೆ ಸಿಟ್ಟು ಇಳಿದು ಕರುಳು ಚುರುಕ್ಕೆಂದಿತು. ನೀರಿನ ಲೋಟ ಪಕ್ಕಕ್ಕಿಟ್ಟು ಹೇಳಿದಳು: "ಹೋಗ್ಲಿ ಬಿಡಿ. ಇದ್ದ ಹಾಗೇ ಮಾಡಿ ಮುಗಿಸಿ. ನಿಮಗೆ ಸುಳ್ಳು ಆಗಿಬರಲ್ಲ. ಇವತ್ತು ಒಂದು ಹೇಳಿದ್ದಕ್ಕೇ ಹಲ್ಲು ಹೋಯ್ತು."

ಗೋಂದಪ್ಪ ನಕ್ಕ. ನಗು ಒಂದೇ ಕಡೆಗೆ ಬಂತು. ಡ್ರಾಯರಿನಿಂದ ಹೊಸ ಬ್ಲೇಡು ತೆಗೆದು, ಎಡಗೋಡೆಯ ನಡುಮಧ್ಯಕ್ಕೆ ಸ್ಕೇಲಿಟ್ಟು, ಸರ್ರನೆ ಒಂದು ಗೆರೆ ಎಳೆದ.

"ಅಯ್ಯೋ, ಅಲ್ಲಿ ಕಿಟಕಿ ಇರ್ಲಿಲ್ಲ ಅಂದ್ರಲ್ರೀ ಡಾಕ್ಟರಮ್ಮ!"

"ಕಿಟಕಿ ಇರ್ಲಿಲ್ಲ ಕಣೇ," ಎಂದ ಅವನು, ಮರಗಟ್ಟಿದ ತುಟಿಯಲ್ಲೇ. "ಬೆಳಕು ಇತ್ತಲ್ಲ."